ನಿನ್ನ ಕೈ ಎತ್ತಿ ಕೊಟ್ಟ ಮಾತು

ಯಡಿಯೂರು, ಬೆಂಗಳೂರು
೧೧ ಏಪ್ರಿಲ್ ೨೦೦೪, ಭಾನುವಾರ

ಪ್ರೀತಿಯ ಮಗಳು ಸಂಘಮಿತ್ರಾಳಿಗೆ,

ನಿನ್ನ ಅಪ್ಪ ಚಿನ್ನಪ್ಪ ಮಾಡುವ ಜೈಭೀಮ್. ಹೇಗಿದ್ದೀಯ ಕಂದ? ಬೀದರ್ ಕಡೆ ಬಿಸಿಲು ನಲವತ್ತು ದಾಟಿತೆಂದು ರೇಡಿಯೋದಲ್ಲಿ ಹೇಳಿದರು. ಹೊರಗೆ ಹೋಗುವಾಗ ತಲೆಗೆ ಬಟ್ಟೆ ಸುತ್ತಿಕೋ, ವಾರ್ಡನ್ ಮೇಡಂ ಆದವಳು ಹೇಗೆ ಸುತ್ತಿಕೊಳ್ಳೋದು ಅಂತ ನಾಚಬೇಡ. ಚಿಕ್ಕಂದಿನಲ್ಲಿ ಬೇಸಿಗೆ ಬಂದರೆ ನಿನಗೆ ಮೂಗಿನಲ್ಲಿ ರಕ್ತ ಸೋರುತ್ತಿತ್ತು, ಈಗಲೂ ಬರುತ್ತದೆಯೇ? ಹಾಸ್ಟೆಲಿನ ಹುಡುಗಿಯರೆಲ್ಲ ರಜೆಗೆ ಊರಿಗೆ ಹೋದ ಮೇಲೆ ಅಷ್ಟು ದೊಡ್ಡ ಕಟ್ಟಡದಲ್ಲಿ ನೀನೊಬ್ಬಳೇ ಏನು ಮಾಡುತ್ತೀಯೋ ಕಾಣೆ. ನಾನು ಚೆನ್ನಾಗಿದ್ದೇನೆ. ಬಿಪಿ ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ, ನೀನು ಕೇಳುವ ಮೊದಲೇ ಹೇಳಿಬಿಟ್ಟೆ. ಬೆಳಿಗ್ಗೆ ಕೆರೆಯ ಸುತ್ತ ಎರಡು ಸುತ್ತು ನಡೆಯುತ್ತೇನೆ. ಸುಳ್ಳೇಕೆ, ಒಂದೂವರೆ ಅನ್ನು. ಉಳಿದರ್ಧ ಕಲ್ಲುಬೆಂಚಿನ ಮೇಲೆ ಹರಟೆಯಲ್ಲಿ ಮುಗಿಯುತ್ತದೆ. ರಿಟೈರ್ ಆಗಿ ಮೂರು ವರ್ಷವಾದರೂ ಬೀದಿಯಲ್ಲಿ ಕರೆಂಟ್ ಹೋದರೆ ಜನ ತಟ್ಟುವುದು ನನ್ನ ಬಾಗಿಲನ್ನೇ. "ಚಿನ್ನಪ್ಪಣ್ಣ, ಸ್ವಲ್ಪ ನೋಡಿ" ಅನ್ನುತ್ತಾರೆ. ನಾನೂ ಇನ್ನೂ ಲೈನ್‌ಮನ್ನೇ ಎಂಬ ಹಾಗೆ ಕಂಬದ ಕೆಳಗೆ ನಿಂತು, ಕತ್ತೆತ್ತಿ ನೋಡಿ, ತಲೆ ಕೆರೆದುಕೊಂಡು ಬರುತ್ತೇನೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನೀನು "ಊಟ ಆಯ್ತಾ ಅಪ್ಪ" ಅನ್ನುತ್ತೀಯ, ನಾನು "ಆಯ್ತು, ನಿಂದು?" ಅನ್ನುತ್ತೇನೆ. ಆಮೇಲೆ ಇಬ್ಬರೂ ಫೋನ್ ಇಟ್ಟುಬಿಡುತ್ತೇವೆ. ಐದು ವರ್ಷದಿಂದ ಹೀಗೇ ನಡೆದಿದೆ. ವೇದಿಕೆ ಹತ್ತಿದರೆ ಮುಕ್ಕಾಲು ಗಂಟೆ ಮೈಕ್ ಬಿಡದ ನಾನು ಸ್ವಂತ ಮಗಳ ಹತ್ತಿರ ಎರಡು ಮಾತು ಆಡಲಾರೆ ಅಂದರೆ ಯಾರಾದರೂ ನಂಬುತ್ತಾರೆಯೇ? ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿನ್ನ ಅತ್ತೆಯ ಸುದ್ದಿ. ಪಾರ್ವತಿ ಹೋದ ತಿಂಗಳು ಪದ್ಮನಾಭನಗರದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಾಳೆ. ಆಪರೇಷನ್ ಆಯಿತು, ರಾಡ್ ಹಾಕಿದ್ದಾರೆ, ಗಾಬರಿಯಾಗಬೇಡ. ಮಂಚದ ಮೇಲೆ ಕೂತಲ್ಲಿಂದಲೇ ಇಡೀ ಮನೆಯನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ. ಮಗ ಪ್ರಮೋದ್ ಬೆಳಿಗ್ಗೆ ಗ್ಯಾರೇಜಿಗೆ ಹೋಗುವ ಮುನ್ನ ಅವಳ ತಲೆ ಬಾಚಿ ಹೋಗುತ್ತಾನೆ. ಅವನ ಹೆಂಡತಿ ಬಾಚಿದರೆ ಇವಳಿಗೆ ಸರಿ ಬರುವುದಿಲ್ಲವಂತೆ. ನಿನ್ನಮ್ಮ ಹೋದಾಗ ನಿನಗೆ ಐದು ವರ್ಷ. ಆಗಿನಿಂದ ನಿನ್ನ ಹೇನು ಹೆಕ್ಕಿ, ಜಡೆ ಹಾಕಿ, ಸ್ಕೂಲಿಗೆ ಕಳಿಸಿದವಳು ಅವಳು. ಆ ಮನೆಗೆ ನೀನು ಕಾಲಿಡದೆ ಐದು ವರ್ಷವಾಯಿತು. ನಿನಗೆ ಪ್ರಮೋದನ ಮೇಲೆ ಸಿಟ್ಟು, ಅವಳಿಗೆ ನಿನ್ನ ಮೇಲೆ ಸಿಟ್ಟು. ನಾನು ನಡುವೆ ಓಡಾಡಿಕೊಂಡು, ಅಲ್ಲಿ ಕಾಫಿ ಕುಡಿದು ಇಲ್ಲಿ ಬಂದು ಮಲಗುತ್ತೇನೆ.

ಹೋದ ಭಾನುವಾರ ಅನಂತರಾಮು ಬಂದಿದ್ದರು. ಬ್ಯಾಂಕಿನ ಅನಂತರಾಮು, ನಮ್ಮ ಸಮತಾ ಬಳಗದವರು, ಜಯನಗರದವರು. ಈ ಹದಿನಾಲ್ಕರ ಜಯಂತಿಯ ದಿನ ಬಳಗದ ಸಭೆಯಲ್ಲಿ ನನಗೆ ಶಾಲು ಹೊದಿಸುತ್ತಾರಂತೆ. ಆಹ್ವಾನಪತ್ರಿಕೆಯಲ್ಲಿ ಹೆಸರಿನ ಮುಂದೆ 'ಕೊಟ್ಟ ಮಾತಿಗೆ ತಪ್ಪದ' ಅಂತ ದಪ್ಪಕ್ಷರದಲ್ಲಿ ಹಾಕಿಸಿದ್ದಾರೆ. ಹುಚ್ಚು ಖುಷಿಯಾಯಿತು ನೋಡು, ಅದನ್ನು ಜೇಬಿನಲ್ಲಿಟ್ಟುಕೊಂಡು ನೇರ ಪಾರ್ವತಿಗೆ ತೋರಿಸಲು ಹೋದೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದಳು. "ಮಾತು ಉಳಿಸ್ಕೊಂಡೆ ಕಣಣ್ಣ. ಮಗಳನ್ನೂ ಉಳಿಸ್ಕೊಂಡಿದ್ರೆ ಚೆನ್ನಾಗಿತ್ತು" ಅಂದಳು. ಆ ಕಾರ್ಡು ನನ್ನ ಕೈಗೆ ವಾಪಸ್ ಬಂದಾಗ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಆ ಮಾತು ಕೊಟ್ಟ ದಿನ ನಿನಗೆ ನೆನಪಿದೆಯೋ ಇಲ್ಲವೋ. ನಿನಗಾಗ ಒಂಬತ್ತು ವರ್ಷ. ಬನಶಂಕರಿಯ ಒಂದು ಸ್ಕೂಲಿನ ಅಂಗಳದಲ್ಲಿ ಬಳಗದ ಸಭೆ. ಆರು ಮನೆಯವರು ಮಕ್ಕಳನ್ನು ಕರೆದುಕೊಂಡು ವೇದಿಕೆ ಹತ್ತಿದೆವು. ನಮ್ಮ ಮಕ್ಕಳ ಮದುವೆ ಜಾತಿಯ ಹೊರಗೇ, ಒಳಗೆ ಸುತರಾಂ ಇಲ್ಲ, ಅಂತ ಮಕ್ಕಳ ಕೈ ಹಿಡಿದು ಮೇಲೆತ್ತಿ ಹೇಳಿದೆವು. ಎಂಥ ಚಪ್ಪಾಳೆ ಅಂತೀಯ! ಆಗ ನಾನು ಕಂಬ ಹತ್ತಿ ಕರೆಂಟ್ ಕೊಟ್ಟ ಮನೆಗಳಲ್ಲೇ, ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಲೋಟ ಕೊಡುತ್ತಿರಲಿಲ್ಲ. ಎಲ್ಲರ ಮಕ್ಕಳೂ ಎಲ್ಲರ ಮನೆಗೂ ಸೊಸೆ, ಅಳಿಯ ಆಗಿ ಹೋದರೆ ಒಂದು ತಲೆಮಾರಿನಲ್ಲಿ ಈ ಪಿಡುಗು ತೊಲಗುತ್ತದೆ ಅಂತ ನಾನು ನಂಬಿದ್ದೆ. ಈಗಲೂ ನಂಬುತ್ತೇನೆ, ಅದರಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಅಂಥ ಲೋಕ ಬರಬೇಕಾದರೆ ನಮ್ಮಂಥವರು ತಮ್ಮಲ್ಲಿ ಇರುವುದರಲ್ಲೇ ಅತಿ ಒಳ್ಳೆಯದನ್ನು ಕೊಡಬೇಕು ಅಂದುಕೊಂಡೆ. ನನ್ನ ಹತ್ತಿರ ಅಂಥದ್ದು ಇದ್ದದ್ದು ನೀನೊಬ್ಬಳೇ.

ಆಮೇಲೆ ತೊಂಬತ್ತೆಂಟರ ಜನವರಿ. ನೀನು ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಕಾಳು, ಸಿಪ್ಪೆ ಎರಡನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದೆ, ಏನೋ ಇದೆ ಅಂತ ಆಗಲೇ ಅನ್ನಿಸಿತು. "ಅಪ್ಪಾ, ನಾನು ಪ್ರಮೋದನ್ನ ಮದುವೆ ಆಗ್ತೀನಿ" ಅಂದೆ. ಸೋದರತ್ತೆಯ ಮಗ ಅಂದರೆ ನಮ್ಮ ಜನದಲ್ಲಿ ಹುಟ್ಟುವಾಗಲೇ ಗೊತ್ತಾದ ಗಂಡು. ಬೇರೆ ಯಾವ ಅಪ್ಪನಾದರೂ ಕುಣಿದಾಡುತ್ತಿದ್ದ. ಊರಲ್ಲೆಲ್ಲ ಅಪ್ಪಂದಿರು ಮಕ್ಕಳು ಜಾತಿ ಬಿಟ್ಟು ಹೋದರು ಅಂತ ಬಾಯಿ ಬಡಿದುಕೊಂಡರೆ, ನಾನು ಜಾತಿಯೊಳಗೇ ಉಳಿದೆಯಲ್ಲೇ ಅಂತ ಬಡಿದುಕೊಂಡೆ. "ಪ್ರಪಂಚದಲ್ಲಿ ಇನ್ಯಾರನ್ನಾದ್ರೂ ತೋರ್ಸು, ಅವನ ಕಾಲಿಗೆ ಬಿದ್ದು ಕರ್ಕೊಂಡು ಬರ್ತೀನಿ. ಪ್ರಮೋದ್ ಬೇಡ, ಅವನು ನಮ್ಮೋನು" ಅಂದೆ. ಮಾತು ಕೊಟ್ಟಿದ್ದೇನೆ ಅಂದೆ. ನೀನು ಕೂಗಾಡಲಿಲ್ಲ. "ಅವತ್ತು ಎತ್ತಿದ್ದು ನೀನು ಅಪ್ಪ, ಕೈ ನಂದು" ಅಂದೆ. "ಅಮ್ಮ ಹೋದ ಮೇಲೆ ನೀನೇ ಬೇರೆ ಜಾತಿಯವರನ್ನ ಮದುವೆ ಆಗಬಹುದಿತ್ತಲ್ಲ" ಅಂತಲೂ ಅಂದೆ. ನನ್ನ ಮಾತು ಮೀರಿ ಹೋಗಿದ್ದರೆ ನಾಲ್ಕು ದಿನ ಹಾರಾಡಿ ಸುಮ್ಮನಾಗುತ್ತಿದ್ದೆನೇನೋ. ನೀನು ಮೀರಲಿಲ್ಲ. ಎರಡು ವರ್ಷ ಕಾಯಿ, ಅಪ್ಪ ಕರಗುತ್ತಾರೆ, ಅಂತ ಪ್ರಮೋದನಿಗೆ ಹೇಳಿ ಬೀದರಿನ ಕೆಲಸಕ್ಕೆ ಹೊರಟುಹೋದೆ.

ನಿನಗಾಗಿ ಅನಂತರಾಮು ಅವರ ಮಗನನ್ನು ಕೇಳಿದ್ದೆ, ನಿನಗೆ ಗೊತ್ತಿರಲಿಕ್ಕಿಲ್ಲ. ಅವರೂ ಅವತ್ತು ವೇದಿಕೆಯ ಮೇಲೆ ಮಗನ ಕೈ ಎತ್ತಿದವರೇ. "ನನ್ನದೇನೂ ಅಭ್ಯಂತರ ಇಲ್ಲ ಚಿನ್ನಪ್ಪನವರೇ, ಆದ್ರೆ ನಮ್ಮಮ್ಮ ಇರೋವರೆಗೂ…" ಅಂದರು. ಆ ಅಮ್ಮನಿಗೆ ಈಗ ತೊಂಬತ್ತೊಂದು, ಇನ್ನೂ ಚಕ್ಕುಲಿ ಕಡಿಯುತ್ತಾರೆ. ಮಗನ ಮದುವೆ ಅವರವರಲ್ಲೇ ಆಯಿತು. ನಾನೂ ಹೋಗಿದ್ದೆ. ಅನಂತರಾಮು ತಾವೇ ನಿಂತು ನನ್ನ ಎಲೆಗೆ ಎರಡು ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದರು, ಕಣ್ಣು ಮಾತ್ರ ಎತ್ತಲಿಲ್ಲ. ಅವರ ಮೇಲೆ ಸಿಟ್ಟು ಮಾಡಲೂ ನನಗೆ ಆಗಲಿಲ್ಲ. ಮಿಕ್ಕ ನಾಲ್ಕು ಮನೆಯವರೂ ಒಬ್ಬೊಬ್ಬರಾಗಿ ಹಾಗೇ ಮಾಡಿದರು. ಎಲ್ಲ ಮದುವೆಗೂ ಹೋಗಿ ಉಂಡು ಬಂದೆ. ಕೊನೆಗೆ ಮಾತಿಗೆ ತಪ್ಪದವನು ನಾನೊಬ್ಬನೇ ಉಳಿದೆ ಅಂತ ಎದೆಯುಬ್ಬಿಸಿಕೊಂಡು ತಿರುಗಿದೆ. ಥೂ, ನನ್ನ ದೊಡ್ಡಸ್ತಿಕೆಗಿಷ್ಟು.

ನಮ್ಮ ಕೆಲಸದಲ್ಲಿ ಒಂದು ನಿಯಮವಿತ್ತು. ಕಂಬ ಹತ್ತುವವನೇ ಫ್ಯೂಸ್ ಕಿತ್ತು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು, ಯಾಕೆಂದರೆ ಹೋಗುವುದು ಅವನ ಜೀವ. ನಾನು ನಿನ್ನನ್ನು ಕಂಬಕ್ಕೆ ಹತ್ತಿಸಿ ಫ್ಯೂಸ್ ನನ್ನ ಜೇಬಿನಲ್ಲಿ ಇಟ್ಟುಕೊಂಡೆ ಮಗಳೇ. ಒಳ್ಳೆಯ ಲೋಕಕ್ಕಾಗಿ ತನಗೆ ಪ್ರಾಣವಾದದ್ದನ್ನು ಕೊಡಬೇಕೋ ಬೇಡವೋ ಅಂತ ಈಗ ಯಾರಾದರೂ ಕೇಳಿದರೆ, ಮೊದಲು ಅದು ನಿನ್ನದೇನಪ್ಪಾ ಅಂತ ಕೇಳುತ್ತೇನೆ. ನೀನು ನನ್ನ ಮಗಳು ನಿಜ, ಆದರೆ ನಿನ್ನ ಬಾಳು ನನ್ನದಾಗಿರಲಿಲ್ಲ. ಅಷ್ಟು ಸಣ್ಣ ವಿಷಯ ನನಗೆ ತಿಳಿಯಲಿಲ್ಲ. ಜಾತಿ ನೋಡದೆ ಬದುಕಿರಿ ಅಂತ ಊರಿಗೆಲ್ಲ ಹೇಳಿದವನು, ನೀನು ಒಬ್ಬ ಹುಡುಗನನ್ನು ತೋರಿಸಿದಾಗ ಅವನ ಜಾತಿಯನ್ನೇ ನೋಡಿದೆ. ಹುಡುಗನನ್ನು ನೋಡಲಿಲ್ಲ. ತಪ್ಪಾಯಿತು. ಶಾಲು ಬೇಡ ಅಂತ ಅನಂತರಾಮು ಅವರಿಗೆ ಇವತ್ತೇ ಹೇಳಿಕಳಿಸಿದ್ದೇನೆ.

ಮುಂದೆ ಯಾರನ್ನಾದರೂ ಮದುವೆಯಾಗಬೇಕು ಅನ್ನಿಸಿದರೆ ಆಗು, ಬೇಡ ಅನ್ನಿಸಿದರೆ ಬಿಡು. ನನ್ನನ್ನು ಕೇಳುವ ಅಗತ್ಯವಿಲ್ಲ. ನಿನ್ನ ಹುಡುಗಿಯರು ಪಾಸಾದರೆ ನನಗೂ ಒಂದು ಕಾರ್ಡು ಹಾಕು. ಮೈ ಕಡೆ ಜೋಪಾನ, ಮಜ್ಜಿಗೆ ಹೆಚ್ಚು ಕುಡಿ. ನೀನು ಎಲ್ಲಿದ್ದರೂ ನಿನ್ನ ಮನಸ್ಸು ತಣ್ಣಗಿರಲಿ ಅಂತ ದಿನವೂ ಬುದ್ಧವಂದನೆ ಮಾಡುವಾಗ ಅಂದುಕೊಳ್ಳುತ್ತೇನೆ.

ಇಂತಿ,
ನಿನ್ನ ಅಪ್ಪ
ಚಿನ್ನಪ್ಪ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಬಿಟ್ಟದ್ದು. ಲಕೋಟೆ ಅಂಟಿಸಿದವನು ಮತ್ತೆ ಹರಿದು ಬರೆಯುತ್ತಿದ್ದೇನೆ. ಪ್ರಮೋದ್ ಒಂದು ವರ್ಷವೂ ಕಾಯಲಿಲ್ಲ, ಬೇರೆಯವಳನ್ನು ಕಟ್ಟಿಕೊಂಡ, ಅಂತ ನೀನು ತಿಳಿದಿದ್ದೀಯ. ಅದು ಹಾಗಲ್ಲ. ನೀನು ಹೋದ ಎಂಟನೇ ತಿಂಗಳು ಅವನು ನನ್ನ ಹತ್ತಿರ ಬಂದಿದ್ದ. "ಎರಡು ವರ್ಷ ಅಲ್ಲ ಮಾವ, ಹತ್ತು ವರ್ಷ ಆದ್ರೂ ಕಾಯ್ತೀನಿ. ನೀವು ಒಪ್ಪದೆ ನಾವು ಏನೂ ಮಾಡಲ್ಲ" ಅಂದ. ಇವನು ಹೀಗೆ ಕೂತರೆ ನಾನು ಸೋಲುತ್ತೇನೆ ಅಂತ ನನಗೆ ಭಯವಾಯಿತು. ಸಂಘಮಿತ್ರಾ ಅನಂತರಾಮು ಮಗನಿಗೆ ಒಪ್ಪಿಕೊಂಡಿದ್ದಾಳೆ, ಅವಳಿಗೆ ಕಾಗದ ಬರೆದು ಮನಸ್ಸು ಕೆಡಿಸಬೇಡ, ಅಂತ ಹೇಳಿಬಿಟ್ಟೆ. ಹಸಿ ಸುಳ್ಳು. ಸುಳ್ಳಾಡುವುದಿಲ್ಲ ಅಂತ ದಿನವೂ ಪಂಚಶೀಲ ಹೇಳುವ ಬಾಯಿಂದಲೇ. ಚಿನ್ನಪ್ಪ ಮಾವ ಸುಳ್ಳು ಹೇಳುವವರಲ್ಲ ಅಂತ ಅವನು ನಂಬಿದ. ಚಪ್ಪಲಿ ಮೆಟ್ಟಿಕೊಳ್ಳುವಾಗ ಎಡದ್ದನ್ನು ಬಲಗಾಲಿಗೆ ಹಾಕಿಕೊಂಡ. ಪಾರ್ವತಿಗೂ ಅದೇ ಸುಳ್ಳು ಹೇಳಿದೆ, ಆಮೇಲೆ ಆ ಸಂಬಂಧ ಮುರಿದುಹೋಯಿತು ಅಂತ ಇನ್ನೊಂದು ಹೇಳಿದೆ. ದೊಡ್ಡವರ ಮನೆ ಸಿಕ್ಕಿತು ಅಂತ ತನ್ನ ಮಗನನ್ನು ಬಿಟ್ಟಳು, ಅಂತ ಅವಳಿಗೆ ನಿನ್ನ ಮೇಲೆ ಸಿಟ್ಟು. ನೀನು ಬಿಡಲಿಲ್ಲ, ಅವನೂ ಬಿಡಲಿಲ್ಲ. ಈ ಕಾಗದ ಡಬ್ಬಕ್ಕೆ ಹಾಕಿ ನೇರ ಪದ್ಮನಾಭನಗರಕ್ಕೆ ಹೋಗಿ ಅವರಿಬ್ಬರಿಗೂ ಇದನ್ನೇ ಹೇಳುತ್ತೇನೆ. ಈ ರಜೆಯಲ್ಲಿ ಒಂದು ಸಲ ಬಾ ಕಂದ. ನನ್ನ ಮನೆಗೆ ಬೇಡ, ಅತ್ತೆಯ ಮನೆಗೆ ಬಾ. ನೀನಿರುವಷ್ಟು ದಿನ ನಾನು ಆ ಕಡೆ ಬರುವುದಿಲ್ಲ.