ಸ್ತೋತ್ರ ಎನ್ನಬಾರದಿದ್ದ ಭಾನುವಾರ

ಕೆಂಗಲ್ಲು ಒಳಊರು
ಫೆಬ್ರವರಿ 30, ಕ್ರಿ.ಶ. 2318

ಕರ್ತನಲ್ಲಿ ಪ್ರಿಯರಾದ ಮಕ್ಕಳೇ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳಿಗೆ ಹೆಸರೇ ಇಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ, ನಿಮ್ಮ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತು ಬರೆಯುತ್ತಿದ್ದೇನೆ. ಹಿಂದಿನ ಕಾಲಕ್ಕೆ ಕಳುಹಿಸುವ ಇಂಥ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಹೆಚ್ಚಿನವರು ತೀರಿಕೊಂಡ ತಾಯಿಗೋ ತಂದೆಗೋ ಬರೆಯುತ್ತಾರೆ. ಅದಕ್ಕೆ ಉತ್ತರ ಬಂದದ್ದನ್ನಾಗಲಿ, ಅದರಿಂದ ಇಲ್ಲಿ ಏನಾದರೂ ಬದಲಾದದ್ದನ್ನಾಗಲಿ ಯಾರೂ ಕಂಡಿಲ್ಲ. ಅದು ಗೊತ್ತಿದ್ದೂ ನಾನು ಮುನ್ನೂರು ವರ್ಷ ಹಿಂದಿನ ಯೌವನಸ್ಥರಾದ ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ದೋರ್ಕಮ್ಮ, ವಯಸ್ಸು ಅರವತ್ತೊಂದು. ನಮ್ಮ ಸಭೆಯ ಯೌವನಸ್ಥರ ಕೂಟವನ್ನು ಮೂವತ್ತೆಂಟು ವರ್ಷದಿಂದ ನಡೆಸುತ್ತಿದ್ದೇನೆ. ಮೇಲಿನ ಬಿಸಿಲು ತಾಳಲಾರದೆ ನಮ್ಮ ಹಿರಿಯರು ಬಂಡೆ ಕೊರೆದು ಒಳಗೆ ಊರು ಕಟ್ಟಿದರು, ಅದೇ ಒಳಊರು. ಬಂಡೆಯ ತೂತುಗಳಲ್ಲಿ ಸಾಲಾಗಿ ಕನ್ನಡಿ ಜೋಡಿಸಿ ಬೆಳಕನ್ನು ಓಣಿಗಳಿಗೆ ಇಳಿಸುತ್ತೇವೆ. ಅವಕ್ಕೆ ಕನ್ನಡಿಬಾವಿ ಎಂದು ಹೆಸರು. ಮುಂಜಾನೆ ಎರಡು ತಾಸು ಮಾತ್ರ ಮೇಲೆ ಹೋಗಿ ಕನ್ನಡಿ ಒರೆಸಿ ಬರಬಹುದು. ಆಮೇಲೆ ಬಿಸಿಲುಗಂಟೆ ಹೊಡೆದು ಬಾಗಿಲು ಮುಚ್ಚುತ್ತಾರೆ. ರಾಗಿ, ಅಣಬೆ, ನೀರು ಎಲ್ಲವೂ ಅಳತೆಯಲ್ಲಿ ಸಿಗುತ್ತವೆ. ಹದಿನಾರು ತುಂಬಿದ ಮಕ್ಕಳಿಗೆ ನಿಶ್ಚಯ ಪರೀಕ್ಷೆ ಇರುತ್ತದೆ. ಬದುಕಿಡೀ ಯಾವ ಕೆಲಸ ಮಾಡಬೇಕೆಂಬುದು ಅದರಲ್ಲೇ ತೀರ್ಮಾನವಾಗುತ್ತದೆ, ಎರಡನೆಯ ಸಲ ಬರೆಯಲು ಬಿಡುವುದಿಲ್ಲ. ಪರೀಕ್ಷೆಯ ಹೆದರಿಕೆ ನಿಮಗೂ ಇದೆಯಂತೆ. ಮುನ್ನೂರು ವರ್ಷದಲ್ಲಿ ನಾವು ಬಿಡದೆ ಉಳಿಸಿಕೊಂಡು ಬಂದದ್ದು ಅದನ್ನೇ ಇರಬೇಕು.

ನಿಮ್ಮಿಂದ ಬಂದ ಇನ್ನೊಂದು ಪದ್ಧತಿಯೂ ನಮ್ಮಲ್ಲಿದೆ. ಭಾನುವಾರದ ಕೂಟದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಸಾಕ್ಷಿ ಹೇಳಬೇಕು. ಕರ್ತನು ವಾರವಿಡೀ ತಮ್ಮನ್ನು ಹೇಗೆ ನಡೆಸಿದನೆಂದು ಹೇಳಿ ಕುಳಿತ ಕೂಡಲೇ ಉಳಿದವರೆಲ್ಲ "ಸ್ತೋತ್ರ" ಎಂದು ಆತನನ್ನು ಕೊಂಡಾಡಬೇಕು. ಎಷ್ಟು ರೂಢಿಯಾಗಿದೆಯೆಂದರೆ, ಹೇಳಿದವರು ಕುಳಿತರೆ ಸಾಕು, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ.

ನಮ್ಮ ಕೂಟದಲ್ಲಿ ಕೆಟೂರಾ ಎಂಬ ಹುಡುಗಿ ಇದ್ದಾಳೆ. ಅವಳ ಅಪ್ಪ ಕನ್ನಡಿ ರಿಪೇರಿಗೆ ಮೇಲೆ ಹೋದವನು ಬಿಸಿಲುಗಂಟೆಗೆ ಮುಂಚೆ ಇಳಿಯಲಾಗದೆ ತೀರಿಕೊಂಡ. ಹತ್ತನೆಯ ದಿನಕ್ಕೆ ಇವಳ ಪರೀಕ್ಷೆ. ಖಾಲಿ ಹಾಳೆ ಕೊಟ್ಟು ಬಂದಳು. ಅಪ್ಪ ಸತ್ತ ಕನ್ನಡಿಬಾವಿಯಲ್ಲೇ ಒರೆಸುವ ಕೆಲಸ ಬಿತ್ತು. ಅದಾದ ಮೇಲಿನ ಒಂದು ಭಾನುವಾರ ಅವಳ ಸರದಿ ಬಂದಾಗ ಎದ್ದು ನಿಂತು, "ನನಗ ಮುಂಜಾನೆ ಯಾಕರ ಎಚ್ಚರ ಆತೋ ಅನಸ್ತದ. ಪ್ರಾರ್ಥನಾ ಮಾಡಿದ್ರ ಗ್ವಾಡಿ ಜೋಡಿ ಮಾತಾಡಿದಂಗ ಆಗ್ತದ. ಇಷ್ಟ," ಎಂದು ಹೇಳಿ ಕುಳಿತಳು.

ನಾನು ಕೈಯೆತ್ತಿ "ಸ್ತೋತ್ರ" ಎಂದೆ. ನನ್ನ ಹಿಂದೆಯೇ ಅರವತ್ತು ಮಕ್ಕಳು ಎಂದರು.

ಅವಳು ನನ್ನ ಮುಖ ನೋಡಿದಳು. ಅಂದು ಮಲಗಿದವಳು ಎದ್ದಿಲ್ಲ. ಇವತ್ತಿಗೆ ನಲವತ್ತೊಂದು ದಿನ. ಮೊದಲು ಅರ್ಧ ರೊಟ್ಟಿಯಾದರೂ ತಿನ್ನುತ್ತಿದ್ದಳು, ಈಗ ಗಂಜಿಯ ನೀರಷ್ಟೇ. ಅವಳ ತಾಯಿ ಯೂನೀಕಮ್ಮ, "ಅಮ್ಮಾರ, ನೀವರ ಏನರ ತಿನ್ನಸ್ರಿ, ನನ್ನ ಮಾತ ಕೇಳವಲ್ಲಳು," ಎಂದು ಸೆರಗು ಹಿಡಿದುಕೊಂಡು ನಿಲ್ಲುತ್ತಾಳೆ. ನಾನು ಮಾಡಿದ ಇನ್ನೊಂದು ಘನಕಾರ್ಯ ಕೇಳಿ: ಕೂಟದ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿ ಅವಳ ಮಂಚದ ಸುತ್ತ ಸಂತೋಷದ ಹಾಡು ಹಾಡಿಸಿದೆ. ಅವಳು ಗೋಡೆಯ ಕಡೆ ತಿರುಗಿದಳು. ಮನಸ್ಸಿನ ವೈದ್ಯರು ಏಳು ಊರಿಗೆ ಒಬ್ಬರು, ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಅವರ ಸರದಿಗೆ ಇನ್ನೂ ಇಪ್ಪತ್ತಾರು ದಿನ ಇದೆ. ಅಲ್ಲಿಯವರೆಗೆ ಅವಳು ಉಳಿಯುತ್ತಾಳೋ ಇಲ್ಲವೋ, ನನಗೆ ಭಯ. ನಿಮ್ಮಲ್ಲಿ ಒಂದೊಂದು ಪಟ್ಟಣಕ್ಕೂ ಅಂಥ ವೈದ್ಯರಿದ್ದರಂತೆ. ಅವರ ಹತ್ತಿರ ಹೋಗುವುದು ಅವಿಶ್ವಾಸ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಹೋಗಿ.

ಈಗ ನಾನು ದಿನವೂ ಹೋಗಿ ಅವಳ ಬಳಿ ಸುಮ್ಮನೆ ಕೂರುತ್ತೇನೆ. ಕರ್ತನೂ ತೋಟದಲ್ಲಿ ಸಂಕಟಪಡುವಾಗ ಗೆಳೆಯರನ್ನು ಕೇಳಿದ್ದು ಅಷ್ಟನ್ನೇ, ಎಚ್ಚರವಾಗಿ ಜೊತೆಗಿರಿ ಎಂದು. ಅವರು ನಿದ್ದೆ ಮಾಡಿದರು. ತಂದೆಯೇ ತನ್ನನ್ನು ಕೈಬಿಟ್ಟನೆಂದು ಆತ ಶಿಲುಬೆಯ ಮೇಲೆ ಕೂಗಿದಾಗ ಕೆಳಗೆ ನಿಂತಿದ್ದ ಅವನ ತಾಯಿ ಸ್ತೋತ್ರ ಎನ್ನಲಿಲ್ಲ. ಇದನ್ನೆಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಿನ್ನೆ ಅವಳು ಬಾಯಿ ಬಿಟ್ಟಳು. "ಅಮ್ಮಾರ, ನಿಮಗ ಎಂದರ ಹಿಂಗ ಆಗಿತ್ತೇನ್ರಿ?" ಎಂದು ಕೇಳಿದಳು. ಆಗಿತ್ತು. ಹದಿನೇಳರಲ್ಲಿ ಒಂದು ವರ್ಷ, ನಲವತ್ತರಲ್ಲಿ ಮತ್ತೆ. ಎರಡು ಸಲವೂ ಭಾನುವಾರ ತಪ್ಪದೆ ಎದ್ದು ನಿಂತು ಆನಂದದ ಸಾಕ್ಷಿ ಹೇಳಿದ್ದೇನೆ. ಯಾರಿಗೂ ತಿಳಿಯಗೊಡದ ಆ ಮಾತನ್ನು ಅವಳಿಗೆ ಹೇಳಿದೆ. ಅವಳು, "ಮತ್ತ ಮೊದಲ ಯಾಕ ಹೇಳಲಿಲ್ರಿ?" ಎಂದು ಕಣ್ಣು ಮುಚ್ಚಿದಳು. ನಾಚಿಕೆಯಿಂದ ಎದ್ದು ಬಂದೆ.

ಮಕ್ಕಳೇ, ನಿಮ್ಮಲ್ಲಿ ಯಾರಿಗಾದರೂ ಮುಂಜಾನೆಗಳು ಭಾರವಾಗಿದ್ದರೆ ಇವತ್ತೇ ಒಬ್ಬರಿಗೆ ಹೇಳಿ. ಅವರು ನನ್ನಂತೆ ಸ್ತೋತ್ರ ಎಂದುಬಿಟ್ಟರೆ ಮಲಗಿಬಿಡಬೇಡಿ, ಇನ್ನೊಬ್ಬರ ಬಾಗಿಲು ತಟ್ಟಿ. ತಪ್ಪು ಅವರದು, ನಿಮ್ಮದಲ್ಲ. ಪ್ರಾರ್ಥನೆ ಗೋಡೆಗೆ ಬಡಿದಂತಾದರೆ ನಿಮ್ಮ ನಂಬಿಕೆ ಸತ್ತಿತೆಂದೂ ತಿಳಿಯಬೇಡಿ.

ಇನ್ನೊಂದು ಬೇಡಿಕೆ ಇದೆ. ಕೆಟೂರಾಳಿಗಾಗಿ ಪ್ರಾರ್ಥಿಸಿ. ನಾನು ಮೊಣಕಾಲೂರಿದರೆ ನನಗೇ ನನ್ನ ಮಾತಿನ ಮೇಲೆ ನಂಬಿಕೆ ಹುಟ್ಟುತ್ತಿಲ್ಲ. ನಿಮ್ಮ ಕಾಲಕ್ಕೆ ಅವಳಿನ್ನೂ ಹುಟ್ಟಿಯೇ ಇಲ್ಲ, ಪ್ರಾರ್ಥಿಸಲು ನಿಮಗೆ ಮುನ್ನೂರು ವರ್ಷ ಇದೆ. ನನಗೆ ಇಪ್ಪತ್ತಾರು ದಿನ.

ಇಂತಿ,
ದೋರ್ಕಮ್ಮ