ಮಾನ್‌ಮಾನ್ ಆಗಿದ್ದ ದಿನಗಳು

ಮಾರ್ಚ್ 7, ಗುರುವಾರ

ಆರನೇ ಕೌನ್ಸೆಲಿಂಗ್ ಸೆಷನ್ನಿನ ರೆಕಾರ್ಡಿಂಗ್ ಇನ್ನೂ ಅರ್ಧವೂ ಬರೆದಾಗಿಲ್ಲ. ಐವತ್ತು ನಿಮಿಷದ ಮಾತು, ಬರೆದಿಳಿಸಲು ಆರು ಗಂಟೆ. ಕ್ಲೈಂಟ್ ಕೆಮ್ಮಿದರೆ ಕೆಮ್ಮು ಎಂದು ಬರಿ, ಸುಮ್ಮನಿದ್ದರೆ ಎಷ್ಟು ಸೆಕೆಂಡು ಎಂದು ಬರಿ. ಎರಡು ವರ್ಷದ ಎಂ.ಎ. ಮಾಡಿ ಕಲಿತದ್ದು ಇಷ್ಟೇನಾ, ಬೇರೆಯವರ ಮೌನ ಎಣಿಸೋದು? ಶಾಲೆಯ ಟ್ರೈನಿಂಗ್ ಜೂನ್‌ವರೆಗೆ ಇದೆ. ಅಷ್ಟರೊಳಗೆ ಕಿವಿ ಹೋಗದಿದ್ದರೆ ಸಾಕು.

ಮಾರ್ಚ್ 9, ಶನಿವಾರ

ಇವತ್ತು ಸೈಕೋಡ್ರಾಮಾ ಕ್ಲಾಸು, ಒಬ್ಬರ ನೋವನ್ನು ಉಳಿದವರು ಪಾತ್ರವಾಗಿ ಆಡೋದು. ಲೀಯುನ್ ಅಕ್ಕನ ಸರದಿ. ನಮ್ಮ ಬ್ಯಾಚಿಗೆಲ್ಲ ಹಿರಿಯರು ಅವರು, ನಲವತ್ತೊಂದು. ಹದಿನಾಲ್ಕು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ಓದಲು ಬಂದವರು. ಆರು ವರ್ಷದ ಹಿಂದೆ ತಂಗಿ ತೀರಿಕೊಂಡಳು. ಮಾನ್‌ಮಾನ್. ಸ್ಕೂಟರು, ಮಳೆ, ಲಾರಿ.

"ಮಾನ್‌ಮಾನ್ ಆಗಿ ಯಾರು ಬೇಕು?" ಅಂದರು ತೂ ಮೇಡಂ. ಅಕ್ಕ ಸುತ್ತು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು.

ನಿಯಮ ಇಷ್ಟೆ. ಪಾತ್ರದ ಮಾತನ್ನು ಅವರೇ ಹೇಳಿಕೊಡಬೇಕು, ನಾನು ಅದನ್ನಷ್ಟೇ ಹೇಳಬೇಕು. ಸ್ವಂತದ್ದು ಒಂದಕ್ಷರ ಕೂಡದು. ಮೇಡಂ ನೂರು ಸಲ ಹೇಳಿದ್ದಾರೆ.

"ನನ್ನ ಮೇಲೆ ಕೋಪಾನಾ?" ಅಂತ ಅಕ್ಕ ಕೇಳಿದರು. ಹೇಳಿಕೊಟ್ಟ ಉತ್ತರ: ಇಲ್ಲ ಅಕ್ಕ. ನಾನು ಹೇಳಿದ್ದು: "ಅವತ್ತು ನೀನು ಫೋನ್ ಎತ್ತಲಿಲ್ಲ. ಪರವಾಗಿಲ್ಲ ಅಕ್ಕ. ನಾನು ಕಾಯ್ತಾ ಇದ್ದೆ, ಅಷ್ಟೆ."

ಅಕ್ಕ ಕುಸಿದು ಕೂತರು. ಆ ದಿನ ಮಾನ್‌ಮಾನ್ ಎರಡು ಸಲ ಫೋನ್ ಮಾಡಿದ್ದಳಂತೆ. ಜಗಳವಾಡಿದ್ದಕ್ಕೆ ಅಕ್ಕ ಎತ್ತಿರಲಿಲ್ಲವಂತೆ. ಆಮೇಲೆ ಆ ಎರಡು ಕರೆಯ ಗುರುತನ್ನೂ ಫೋನಿನಿಂದ ಅಳಿಸಿಬಿಟ್ಟರಂತೆ. ಗಂಡನಿಗೂ ಹೇಳಿಲ್ಲ, ಹೆತ್ತ ತಾಯಿಗೂ ಹೇಳಿಲ್ಲ. ಕ್ಲಾಸಿಗೆ ಕ್ಲಾಸೇ ಅತ್ತಿತು.

ಕೊನೆಗೆ ವೇಷ ಕಳಚಬೇಕು. ಎದ್ದು, ಕೈ ಕೊಡವಿ, ನಾನು ಮಾನ್‌ಮಾನ್ ಅಲ್ಲ, ನಾನು ಯಾಜು ಅಂತ ಹೇಳಬೇಕು. ಅಷ್ಟರಲ್ಲಿ ಮುಂದಿನ ಕ್ಲಾಸಿನವರು ಬಾಗಿಲು ಬಡಿದರು. "ಮುಂದಿನ ವಾರ ನೋಡೋಣ" ಅಂದರು ಮೇಡಂ.

ಅದೇ ದಿನ, ಸಂಜೆ 6

ಆ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನನಗೆ ಹತ್ತು ವರ್ಷ. ಅಮ್ಮ ಕೆಲಸಕ್ಕೆಂದು ಷೆನ್‌ಜೆನ್‌ಗೆ ಹೋದವಳು ಬರಲೇ ಇಲ್ಲ. ದಿನಾ ಅಜ್ಜಿಯ ಫೋನಿನಿಂದ ಮಾಡುತ್ತಿದ್ದೆ. ಎತ್ತುತ್ತಿರಲಿಲ್ಲ. ಅದು ನನ್ನ ಮಾತು. ದೆವ್ವವೂ ಇಲ್ಲ, ಮಣ್ಣೂ ಇಲ್ಲ.

ಸೋಮವಾರವೇ ಅಕ್ಕನಿಗೆ ಹೇಳಿಬಿಡಬೇಕು.

ಮಾರ್ಚ್ 11, ಸೋಮವಾರ

ಹೇಳಲಿಲ್ಲ.

ಅಕ್ಕ ಡಬ್ಬಿ ತಂದಿದ್ದರು. "ತಿನ್ನು. ಕೊತ್ತಂಬರಿ ಎಲ್ಲಾ ಆರಿಸಿ ತೆಗ್ದಿದೀನಿ." ಮಾನ್‌ಮಾನ್‌ಗೆ ಆಗುತ್ತಿರಲಿಲ್ಲವಂತೆ. ನಾನು ಕೊತ್ತಂಬರಿ ಅಂದರೆ ಪ್ರಾಣ ಬಿಡುವವಳು! ಆದರೂ ತಿಂದೆ. "ಚೆನ್ನಾಗಿದೆ ಅಕ್ಕ" ಅಂದೆ.

"ಆರು ವರ್ಷ ಆದ್ಮೇಲೆ ಶನಿವಾರ ಒಂದೇ ನಿದ್ದೆ ಕಣೇ" ಅಂದರು. ಕಣ್ಣ ಕೆಳಗಿನ ಕಪ್ಪು ನಿಜಕ್ಕೂ ಇಳಿದಿತ್ತು. ಅದನ್ನು ನೋಡಿಯೂ ಹೇಗೆ ಹೇಳೋದು?

ಸುಳ್ಳು. ಡಬ್ಬಿ ತಂದುಕೊಡುವವರು ನನಗೆ ಯಾರೂ ಇರಲಿಲ್ಲ, ಅದಕ್ಕೇ ಹೇಳಲಿಲ್ಲ.

ಏಪ್ರಿಲ್ 5, ಶುಕ್ರವಾರ. ಪಿತೃಗಳ ಹಬ್ಬ

ಅಕ್ಕ ಕರೆದುಕೊಂಡು ಹೋದಳು. ಮೂರನೇ ಮಹಡಿ, ಸತ್ತವರ ಬೂದಿ ಇಡುವ ಗೂಡುಗಳ ಸಾಲು. ಫೋಟೋದ ಹುಡುಗಿಗೂ ನನಗೂ ಕಿಂಚಿತ್ತೂ ಹೋಲಿಕೆ ಇಲ್ಲ.

ಅವಳ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರಿದು?"

"ನನ್ನ ತಂಗಿ ಥರ ಅಮ್ಮ."

"ಥರ ಅಂದ್ರೆ? ತಂಗಿ ಅಂದ್ರೆ ತಂಗಿ, ಅಲ್ಲಾಂದ್ರೆ ಅಲ್ಲ. ಥರ ಗಿರ ಎಲ್ಲಿಂದ ಬಂತು?"

ಎಡೆಯಿಟ್ಟು, ಊಟ ಮುಗೀತೇನಮ್ಮ ಅಂತ ಕೇಳಿ ಅಮ್ಮ ಮರದ ಎರಡು ತುಂಡು ನೆಲಕ್ಕೆ ಹಾಕಿದರು. ಒಂದು ಮಗುಚಿ, ಒಂದು ಅಂಗಾತ ಬಿದ್ದರೆ ಮುಗೀತು ಅಂತ. ಎರಡೂ ಮಗುಚಿದವು. ಮತ್ತೆ ಹಾಕಿದರು. ಮತ್ತೆ ಹಾಗೇ. ಐದು ಸಲ.

"ಯಾಕೋ ಇವತ್ತು ಊಟ ಮುಟ್ತಾನೇ ಇಲ್ಲ ನನ್ನ ಮಗಳು" ಅಂತ ಕಣ್ಣೊರೆಸಿಕೊಂಡರು.

ಅಕ್ಕ ನನ್ನ ಕಿವಿಯ ಹತ್ತಿರ ಬಂದು ನಕ್ಕಳು. "ಇಲ್ಲಿ ನನ್ನ ಪಕ್ಕ ನಿಂತಿದ್ರೆ ಅಲ್ಲಿ ಹೇಗೆ ತಿಂತಾಳೆ?"

ಆದರೂ ಅವಳ ಕೈ ಬಿಡಲಿಲ್ಲ ನಾನು.

ಮೇ 14, ಮಂಗಳವಾರ

ಎಷ್ಟು ದಿನವಾಯಿತು ಇದರಲ್ಲಿ ಬರೆದು... ಮಾನ್‌ಮಾನ್‌ಳ ನೀಲಿ ಜಾಕೆಟ್ ಈಗ ನನ್ನದು. ಮೊನ್ನೆ ಸಾರಿನಲ್ಲಿ ಕೊತ್ತಂಬರಿ ಕಂಡು ನಿಜವಾಗಿಯೂ ವಾಕರಿಕೆ ಬಂತು. ಹೆದರಿಕೆಯಾಯಿತು.

ಇವತ್ತು ತೂ ಮೇಡಂ ನನ್ನ ಸೆಷನ್ ಬರಹ ತೆರೆದಿಟ್ಟು ಕೇಳಿದರು, "ಕೌನ್ಸೆಲರ್ ಮಾತಿನ ಮುಂದೆ ನಿನ್ನ ಹೆಸರು ಇರ್ಬೇಕು. ಒಂಬತ್ತನೇ ಪುಟದಿಂದ ಮಾನ್ ಅಂತ ಇದೆ. ಯಾರದು?"

ನಾನೇ ಬರೆದದ್ದು. ಮೂರು ಪುಟ. ಬರೆದ ನೆನಪೇ ಇಲ್ಲ.

ಎಲ್ಲಾ ಹೇಳಿಬಿಟ್ಟೆ. ನಿನ್ನೆ ಅಕ್ಕ ಕೇಳಿದ್ದನ್ನೂ ಹೇಳಿದೆ: "ನನ್ನ ಕ್ಲೈಂಟ್ ಒಬ್ರು, ಪಾಪ, ಮಗನ್ನ ಕಳ್ಕೊಂಡಿದಾರೆ. ನೀನು ಒಂದೇ ಸಲ ಬಂದು ಕೂತ್ಕೋ. ನಿನ್ನ ಬಾಯಲ್ಲಿ ಸತ್ತೋರು ಬರ್ತಾರೆ." ನಾನು ಆಗಲಿ ಅಂದಿದ್ದೆ! ನನ್ನ ನಾಲಿಗೆಗೆ ಬೆಂಕಿ ಬೀಳ.

ಮೇಡಂ ಕನ್ನಡಕ ತೆಗೆದರು. "ಅವತ್ತೇ ವೇಷ ಕಳಚಿಸ್ಬೇಕಿತ್ತು. ತಪ್ಪು ನನ್ನದು. ಆ ಕ್ಲೈಂಟ್ ವಿಷಯ ಲೀಯುನ್ ಹತ್ರ ನಾನು ಮಾತಾಡ್ತೀನಿ. ಫೋನಿನ ವಿಷಯ ನೀನೇ ಹೇಳ್ಬೇಕು."

"ಹೇಳಿದ್ರೆ ಅಕ್ಕನಿಗೆ ಮತ್ತೆ ನಿದ್ದೆ ಹೋಗುತ್ತೆ ಮೇಡಂ."

"ಹೋಗುತ್ತೆ. ನಿನ್ನ ಅಕ್ಕನೂ ಹೋಗ್ತಾಳೆ. ಅದೂ ಗೊತ್ತಿರಲಿ ನಿನಗೆ."

ಮೇ 16, ಗುರುವಾರ

ಹೇಳಿದೆ. ಅವರ ಅಡುಗೆಮನೆಯಲ್ಲಿ, ಮಧ್ಯಾಹ್ನ. ಜಾಕೆಟ್ ಮಡಚಿ ಮುಂದಿಟ್ಟು, ಒಂದೇ ಉಸಿರಿಗೆ.

ಅಕ್ಕ ಹೆಚ್ಚುತ್ತಿದ್ದ ಕೋಸು ನಿಲ್ಲಿಸಲಿಲ್ಲ. ಸಣ್ಣಗೆ, ಇನ್ನೂ ಸಣ್ಣಗೆ. ಆಮೇಲೆ ಕೇಳಿದರು, "ಹಾಗಾದ್ರೆ ಅವಳು ಏನೂ ಹೇಳಿಲ್ಲ."

"ಇಲ್ಲ. ಅದು ನಾನು ನಮ್ಮಮ್ಮನಿಗೆ..."

"ಪರವಾಗಿಲ್ಲ ಅಂದಿದ್ದೂ ಅವಳಲ್ಲ."

"ಅಲ್ಲ. ತಪ್ಪಾಯ್ತು. ನೀವು ನನ್ನ ಬೈದುಬಿಡಿ."

"ಎರಡು ತಿಂಗಳು ನನ್ನ ಕೈಯಲ್ಲಿ ಉಂಡ್ಯಲ್ಲೇ. ಒಂದು ತುತ್ತೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವಾ ನಿಂಗೆ?"

ಅತ್ತರು. ಆ ಶನಿವಾರದ ಅಳು ಅಲ್ಲ ಇದು, ಸದ್ದೇ ಇಲ್ಲ. ಹತ್ತಿರ ಹೋದೆ. ಕೈ ಅಡ್ಡ ಹಿಡಿದರು. "ಮನೆಗೆ ಹೋಗು, ಯಾಜು."

ಮಾರ್ಚ್‌ನಿಂದ ಅವರ ಬಾಯಲ್ಲಿ ನನ್ನ ಹೆಸರು ಬಂದಿರಲಿಲ್ಲ. ಬಸ್ ಸ್ಟಾಪಿನವರೆಗೂ ಅಳುತ್ತಾ ಬಂದೆ. ಸತ್ತದ್ದು ಯಾರು ಅಂತ ಯಾರಾದರೂ ಕೇಳಿದರೆ ಏನು ಹೇಳಲಿ?

ಜೂನ್ 1, ಶನಿವಾರ

ಕೊನೆಯ ಕ್ಲಾಸು. ಶುರುವಿಗೇ ಮೇಡಂ ನನ್ನನ್ನು ನಿಲ್ಲಿಸಿ ವೇಷ ಕಳಚಿಸಿದರು. ಕೈ ಕೊಡವಿದೆ, ಹೇಳಬೇಕಾದ್ದು ಹೇಳಿದೆ. ಲೀಯುನ್ ಅಕ್ಕ ನೆಲ ನೋಡುತ್ತಿದ್ದರು. ಕಣ್ಣ ಕೆಳಗೆ ಮತ್ತೆ ಕಪ್ಪು.

"ಈಗ ನಿನ್ನ ಸರದಿ" ಅಂದರು ಮೇಡಂ. "ಯಾರ ಹತ್ರ ಮಾತಾಡ್ಬೇಕು?"

"ಅಮ್ಮನ ಹತ್ರ."

"ಅಮ್ಮ ಆಗಿ ಯಾರು ಬೇಕು?"

ಸುತ್ತು ಬಂದೆ. ಹನ್ನೆರಡು ಜನ ಇದ್ದರು. ಅಕ್ಕನ ಮುಂದೆ ಕಾಲು ನಿಂತಿತು. ಅವರು ಬೇಡ ಅಂತ ತಲೆಯಾಡಿಸಿದರು, ನನಗೆ ಮಾತ್ರ ಕಾಣುವಷ್ಟು. ಆದರೂ ಭುಜದ ಮೇಲೆ ಕೈಯಿಟ್ಟೆ. ಅವರು ಎದ್ದು ಬಂದು ಎದುರಿನ ಕುರ್ಚಿಯಲ್ಲಿ ಕೂತರು.

"ಅಮ್ಮನನ್ನ ಕರಿ" ಅಂದರು ಮೇಡಂ.

ನೇರ ಅವರ ಮುಖ ನೋಡಿದೆ. ಅವರೂ ನೋಡಿದರು. ಅಮ್ಮಾ ಅನ್ನಬೇಕೆಂದು ಬಾಯಿ ತೆರೆದೆ. ಬಂದದ್ದು "ಅಕ್ಕಾ."