ಸಡಿಲ ಮುಚ್ಚಳ

ಜೂನ್ ೧೯, ಗುರುವಾರ

ಅಕ್ಕ ಬೆನ್ನು ತಟ್ಟಿದ ಜಾಗ ಇನ್ನೂ ಉರಿಯುತ್ತಿದೆ. ಇಡೀ ಪ್ರಯೋಗಾಲಯಕ್ಕೇ ಅವರು ಅಕ್ಕ. ಬೇರೆ ಯಾರಾದರೂ ಆಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಬೋರಾನ್ ಪುಡಿಯನ್ನು ಗಾಳಿಯಾಡದ ಪೆಟ್ಟಿಗೆಯೊಳಗೇ ತೂಗಬೇಕು. ಅದಕ್ಕೇ ಜೋಡಿಸಿರುವ ದಪ್ಪ ಕೈಗವಸಿನಲ್ಲಿ ಬೆರಳು ಆಡುವುದಿಲ್ಲವೆಂದು, ಎಲ್ಲರೂ ರಜೆಗೆ ಹೊರಡುವ ದಿನ ಡಬ್ಬಿಯನ್ನು ಹೊರಗೆ ತಂದು ತೂಗಿದೆ. ಅವಸರದಲ್ಲಿ ಮುಚ್ಚಳ ಬಿಗಿಯಲಿಲ್ಲ, ವಾಪಸ್ ಇಡಲೂ ಇಲ್ಲ. ಹತ್ತು ದಿನ ತೇವದ ಗಾಳಿಯಲ್ಲಿ ಕೂತಿತ್ತು. ಸೋಮವಾರ ಬಂದವಳೇ ಯಾರೂ ನೋಡುವ ಮೊದಲು ಒಳಗಿಟ್ಟೆ. ನೋಡಲು ಅದೇ ಕಂದು ಪುಡಿ. ಆದರೆ ಕಣಕಣದ ಮೇಲೂ ಆಕ್ಸೈಡ್ ಪದರ ದಪ್ಪಗಾಗಿರುತ್ತದೆ. ಬಿಸಿಗೆ ಅದು ಕರಗಿ, ಅಂಟಿನಂತೆ ಸುತ್ತಿಕೊಂಡು, ಒಳಗಿನ ಬೋರಾನ್‌ಗೆ ಆಮ್ಲಜನಕ ಸಿಗದಂತೆ ಮಾಡುತ್ತದೆ. ಇದನ್ನು ನನಗೆ ಕಲಿಸಿದವರೂ ಅಕ್ಕನೇ.

ಇವತ್ತು ಆ ಪುಡಿಯನ್ನೇ ಇಂಧನವಾಗಿ ಉರಿಸುವ ಅವರ ಬರ್ನರ್‌ನ ಪರೀಕ್ಷೆ, ಮೂರು ವರ್ಷದ ದುಡಿಮೆ. ಪುಡಿ ತಡವಾಗಿ ಹೊತ್ತಿತು. ಹಸಿರು ಜ್ವಾಲೆ ಮಿಣುಕಿ ಅರ್ಧಕ್ಕೇ ಆರಿತು.

"ಪುಡಿ ಸರಿಯಾಗಿತ್ತೇನೇ?" ಎಂದು ಕೇಳಿದರು.

"ಪೆಟ್ಟಿಗೆಯಿಂದಲೇ ತೆಗೆದಿದ್ದು, ಅಕ್ಕ."

ಸುಳ್ಳಲ್ಲ. ಅದಕ್ಕೇ ಇನ್ನಷ್ಟು ಹೇಸಿಗೆ.

"ಹಾಗಾದ್ರೆ ನನ್ನ ಬರ್ನರ್ರೇ ದಂಡ ಬಿಡು. ನಾಳೆ ಬಿಚ್ಚಿ ಹಾಕೋಣ. ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ನಿಂದೇನು ತಪ್ಪು ಇದರಲ್ಲಿ?" ಎಂದು ನನಗೇ ಸಮಾಧಾನ ಹೇಳಿ ಬೆನ್ನು ತಟ್ಟಿದರು. ಬೈದಿದ್ದರೆ ಬಾಯಿ ಬಿಡುತ್ತಿದ್ದೆನೇನೋ.

ನಾಳೆ ಬೆಳಿಗ್ಗೆ, ಅವರು ಸ್ಪ್ಯಾನರ್ ಎತ್ತುವ ಮೊದಲೇ ಹೇಳಿಬಿಡುತ್ತೇನೆ.

ಹಿಂದಿನ ಪುಟ ತಿರುಗಿಸಿ ನೋಡಿದೆ. ಸೋಮವಾರವೂ ಬರೆದಿದ್ದೇನೆ: ನಾಳೆ ಬೆಳಿಗ್ಗೆ ಹೇಳಿಬಿಡುತ್ತೇನೆ.